ತಡವಾಗಿ ಮಾತಾಡುವ ಕ್ರಿಯಾಟಿನಿನ್

1940ರ ಕೊನೆಯ ತಿಂಗಳುಗಳು. ಲಂಡನ್ ಮೇಲೆ ಜರ್ಮನ್ ವಿಮಾನಗಳು ರಾತ್ರಿಯಿಡೀ ಬಾಂಬು ಸುರಿಯುತ್ತಿದ್ದವು. ಕುಸಿದ ಮನೆಗಳಡಿ ಗಂಟೆಗಟ್ಟಲೆ ಕೈಕಾಲು ಸಿಕ್ಕಿಕೊಂಡು, ಹೇಗೋ ಜೀವಸಹಿತ ಹೊರಬಂದವರನ್ನು ಆಸ್ಪತ್ರೆಗೆ ತರುತ್ತಿದ್ದರು. ಬಂದಾಗ ಅವರಲ್ಲಿ ಹಲವರು ಗಂಡಾಂತರದಿಂದ ಪಾರಾದಂತೆಯೇ ಕಾಣುತ್ತಿದ್ದರು. ಕೆಲವು ಗಂಟೆ ಕಳೆದರೆ ಜಜ್ಜಿದ ಕಾಲು ಊದುತ್ತಿತ್ತು, ರಕ್ತದೊತ್ತಡ ಕುಸಿಯುತ್ತಿತ್ತು. ಪ್ಲಾಸ್ಮಾ ಕೊಟ್ಟರೆ ಒತ್ತಡ ಮತ್ತೆ ಏರುತ್ತಿತ್ತು. ಆದರೆ ಮೂತ್ರ ಕಂದುಬಣ್ಣಕ್ಕೆ ತಿರುಗಿ ದಿನೇ ದಿನೇ ಕಡಿಮೆಯಾಗುತ್ತ ಹೋಗುತ್ತಿತ್ತು. ರಕ್ತದಲ್ಲಿ ಯೂರಿಯಾ ಏರುತ್ತಿತ್ತು. ಒಂದು ವಾರದ ಹೊತ್ತಿಗೆ ರೋಗಿ ಉಳಿಯುತ್ತಿರಲಿಲ್ಲ. 1941ರ ಮಾರ್ಚ್‌ನಲ್ಲಿ ಬೈವಾಟರ್ಸ್ ಮತ್ತು ಬೀಲ್ ಎಂಬ ಇಬ್ಬರು ಇಂಥ ನಾಲ್ವರ ಕಥೆಯನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಗಾಯವಾದದ್ದು ಕಾಲಿಗೆ, ಸೋತದ್ದು ಕಿಡ್ನಿ.

ಆ ಬರಹಕ್ಕೆ ಎಂಬತ್ತು ವರ್ಷ ದಾಟಿದೆ. ಇಂದಿನ ತೀವ್ರ ನಿಗಾ ಘಟಕದಲ್ಲಿ ಹೃದಯದ ಪ್ರತಿ ಬಡಿತವೂ ಪರದೆಯ ಮೇಲೆ ಓಡುತ್ತದೆ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂಬುದನ್ನು ಬೆರಳಿಗೆ ಸಿಕ್ಕಿಸಿದ ಪುಟ್ಟ ಕ್ಲಿಪ್ ಕ್ಷಣಕ್ಷಣಕ್ಕೂ ಹೇಳುತ್ತದೆ. ಕಿಡ್ನಿಗೆ ಮಾತ್ರ ಅಂಥ ಪರದೆಯಿಲ್ಲ. ಐಸಿಯುಗಳಲ್ಲಿ ಕಿಡ್ನಿಗೆ ಪೆಟ್ಟು ಬೀಳುವುದು ಅಪರೂಪವೇನಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು 33 ದೇಶಗಳ 97 ಐಸಿಯುಗಳಲ್ಲಿ 1,802 ರೋಗಿಗಳನ್ನು ಗಮನಿಸಿತು. ಮೊದಲ ವಾರದಲ್ಲೇ ಅವರಲ್ಲಿ ಶೇ 57ರಷ್ಟು ಮಂದಿಗೆ ಒಂದಲ್ಲ ಒಂದು ಹಂತದ ಕಿಡ್ನಿ ಹಾನಿ ಕಂಡಿತ್ತು. ಇಷ್ಟು ಸಾಮಾನ್ಯವಾದ ತೊಂದರೆಯನ್ನು ಅಳೆಯಲು ಆಸ್ಪತ್ರೆಗಳು ಇವತ್ತಿಗೂ ನೆಚ್ಚಿಕೊಂಡಿರುವುದು ಎರಡು ಹಳೆಯ ಸಂಗತಿಗಳನ್ನು: ರಕ್ತದಲ್ಲಿನ ಕ್ರಿಯಾಟಿನಿನ್, ಚೀಲದಲ್ಲಿ ಕೂಡುವ ಮೂತ್ರ.

ಸ್ನಾಯುವಿನ ಕಸ, ಕಿಡ್ನಿಯ ಲೆಕ್ಕ

ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 120 ಮಿ.ಲೀ. ದ್ರವವನ್ನು ರಕ್ತದಿಂದ ಸೋಸುತ್ತವೆ. ದಿನದ ಲೆಕ್ಕ ಹಾಕಿದರೆ 170-180 ಲೀಟರ್. ಅದರಲ್ಲಿ ಬಹುಪಾಲು ಮತ್ತೆ ರಕ್ತಕ್ಕೆ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಕಿಡ್ನಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಪ್ರಶ್ನೆಗೆ ವೈದ್ಯರು ಹುಡುಕುವ ಉತ್ತರ ಈ ಸೋಸುವ ವೇಗ. ಆದರೆ ಅದನ್ನು ನೇರವಾಗಿ ನೋಡಲು ಬರುವುದಿಲ್ಲ. ಕಿಡ್ನಿ ಸೋಸಿ ಹೊರಹಾಕುವ ಯಾವುದಾದರೊಂದು ವಸ್ತುವನ್ನು ಹಿಡಿದು ಲೆಕ್ಕ ಕಟ್ಟಬೇಕು.

ಕ್ರಿಯಾಟಿನಿನ್ ಅಂಥ ವಸ್ತು. ಸ್ನಾಯುಗಳಲ್ಲಿ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ಕಸ ಅದು. 1886ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ, ಕ್ಷಾರದಲ್ಲಿ ಪಿಕ್ರಿಕ್ ಆಮ್ಲದೊಂದಿಗೆ ಸೇರಿಸಿದರೆ ಕ್ರಿಯಾಟಿನಿನ್ ಕಿತ್ತಳೆಗೆಂಪು ಬಣ್ಣ ತಳೆಯುತ್ತದೆ ಎಂದು ಕಂಡುಕೊಂಡ. 1904ರಲ್ಲಿ ಒಟ್ಟೊ ಫೋಲಿನ್ ಆ ಬಣ್ಣವನ್ನೇ ಅಳತೆಯ ವಿಧಾನವಾಗಿ ಬೆಳೆಸಿದ. 1926ರಲ್ಲಿ ಡೆನ್ಮಾರ್ಕಿನ ಪೌಲ್ ಬ್ರಾಂಟ್ ರೇಬರ್ಗ್ ತಾನೇ ಕ್ರಿಯಾಟಿನಿನ್ ಸೇವಿಸಿ, ಕಿಡ್ನಿಯ ಸೋಸುವಿಕೆಯನ್ನು ಅದರಿಂದ ಲೆಕ್ಕ ಹಾಕಿದ. ಯಾಫೆಯ ಬಣ್ಣದ ಪರೀಕ್ಷೆ ಇವತ್ತಿಗೂ ನಮ್ಮೂರಿನ ಅನೇಕ ಲ್ಯಾಬುಗಳಲ್ಲಿ ನಡೆಯುತ್ತಿದೆ.

ಇನ್ನೂ ಖಚಿತವಾದ ದಾರಿಯೊಂದು 1930ರ ದಶಕದಲ್ಲೇ ಸಿಕ್ಕಿತ್ತು. ನ್ಯೂಯಾರ್ಕಿನ ಹೋಮರ್ ಸ್ಮಿತ್ ಮತ್ತು ಸಂಗಡಿಗರು ಡೇಲಿಯಾದಂಥ ಗಿಡಗಳ ಗೆಡ್ಡೆಯಲ್ಲಿ ಸಿಗುವ ಇನ್ಯುಲಿನ್ ಎಂಬ ಪಿಷ್ಟದಂಥ ವಸ್ತುವನ್ನು ರಕ್ತಕ್ಕೆ ಹಾಯಿಸಿ, ಅದು ಮೂತ್ರಕ್ಕೆ ಸೋರಿ ಬರುವ ವೇಗವನ್ನು ಅಳೆದರು. ಕಿಡ್ನಿ ಅದನ್ನು ಸೋಸುತ್ತದೆ ಅಷ್ಟೇ; ಹಿಂದಕ್ಕೆ ಹೀರುವುದೂ ಇಲ್ಲ, ಹೆಚ್ಚುವರಿಯಾಗಿ ಹೊರದೂಡುವುದೂ ಇಲ್ಲ. ಸೋಸುವಿಕೆಯ ಅಳತೆಗೆ ಅದೇ ಇಂದಿಗೂ ಒರೆಗಲ್ಲು. ಆದರೆ ಗಂಟೆಗಟ್ಟಲೆ ಡ್ರಿಪ್, ಹೊತ್ತುಹೊತ್ತಿಗೆ ರಕ್ತ ಮತ್ತು ಮೂತ್ರದ ಮಾದರಿ ಬೇಡುವ ಆ ಪರೀಕ್ಷೆಯನ್ನು ವೆಂಟಿಲೇಟರ್ ಮೇಲಿರುವ ರೋಗಿಗೆ ದಿನವೂ ಮಾಡಲಾಗದು.

ಹಾಗಾಗಿ ಆಸ್ಪತ್ರೆಗಳು ಸೂತ್ರಗಳ ಮೊರೆ ಹೋದವು. 1976ರಲ್ಲಿ ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 249 ಗಂಡಸರ ಮಾಹಿತಿಯಿಂದ ಒಂದು ಸೂತ್ರ ಕಟ್ಟಿದರು. ವಯಸ್ಸು, ತೂಕ, ಕ್ರಿಯಾಟಿನಿನ್ ಮೂರನ್ನೂ ಹಾಕಿದರೆ ಉತ್ತರ ಸಿದ್ಧ. ಬಳಿಕ 1999, 2009 ಮತ್ತು 2021ರಲ್ಲಿ ಮತ್ತಷ್ಟು ಸುಧಾರಿತ ಸೂತ್ರಗಳು ಬಂದವು. ಈಗ ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಕೆಳಗೆ ಕಾಣುವ ಇಜಿಎಫ್‌ಆರ್ ಎಂಬ ಅಂಕಿ ಇವುಗಳ ಫಲ. ಈ ಸೂತ್ರಗಳೆಲ್ಲ ಒಂದು ಷರತ್ತಿನ ಮೇಲೆ ನಿಂತಿವೆ: ಹುಟ್ಟುವ ಕ್ರಿಯಾಟಿನಿನ್ ಮತ್ತು ಹೊರಹೋಗುವ ಕ್ರಿಯಾಟಿನಿನ್ ಸಮವಾಗಿ, ರಕ್ತದಲ್ಲಿನ ಮಟ್ಟ ಸ್ಥಿರವಾಗಿರಬೇಕು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವವರು ಹೊರರೋಗಿ ವಿಭಾಗಕ್ಕೆ ಬಂದಾಗ ಈ ಷರತ್ತು ನಿಲ್ಲುತ್ತದೆ. ಐಸಿಯುವಿನಲ್ಲಿ ನಿಲ್ಲುವುದಿಲ್ಲ.

ಹನ್ನೆರಡು ಗಂಟೆಯ ಅಂತರ

ತೊಟ್ಟಿಗೆ ನಲ್ಲಿಯಿಂದ ಸಣ್ಣಗೆ ನೀರು ಬೀಳುತ್ತಿದೆ, ಕೆಳಗಿನ ತೂಬಿನಿಂದ ಅಷ್ಟೇ ನೀರು ಹೊರಗೆ ಹೋಗುತ್ತಿದೆ. ಥಟ್ಟನೆ ತೂಬು ಕಟ್ಟಿಕೊಂಡರೂ ತೊಟ್ಟಿಯ ಮಟ್ಟ ಆ ಕ್ಷಣಕ್ಕೆ ಏರುವುದಿಲ್ಲ. ನಿಧಾನವಾಗಿ, ನಲ್ಲಿಯ ವೇಗಕ್ಕೆ ತಕ್ಕಂತೆ ಏರುತ್ತದೆ. ರಕ್ತದ ಕ್ರಿಯಾಟಿನಿನ್ ಕೂಡ ಹೀಗೆಯೇ.

ಒಂದು ಲೆಕ್ಕ ನೋಡಬಹುದು. 40 ವರ್ಷದ ಗಂಡಸು, ಕ್ರಿಯಾಟಿನಿನ್ ಪ್ರತಿ ಡೆಸಿಲೀಟರಿಗೆ 0.8 ಮಿ.ಗ್ರಾಂ. 2021ರ ಸೂತ್ರದ ಪ್ರಕಾರ ಅವನ ಸೋಸುವ ವೇಗ ನಿಮಿಷಕ್ಕೆ ಸುಮಾರು 115 ಮಿ.ಲೀ. ಬೆಳಿಗ್ಗೆ ಎಂಟಕ್ಕೆ ಅವನ ಎರಡೂ ಕಿಡ್ನಿ ಪೂರ್ತಿ ನಿಂತುಹೋದವು ಎಂದಿಟ್ಟುಕೊಳ್ಳೋಣ. ಹಾಗಾದಾಗ ಕ್ರಿಯಾಟಿನಿನ್ ಸಾಮಾನ್ಯವಾಗಿ ದಿನಕ್ಕೆ 1ರಿಂದ 1.5 ಮಿ.ಗ್ರಾಂನಷ್ಟು ಏರುತ್ತದೆ. ಕಡಿಮೆ ಪಕ್ಷ ಹಿಡಿದರೂ ರಾತ್ರಿ ಎಂಟಕ್ಕೆ ಅದು 1.3 ಆಗಿರುತ್ತದೆ. ಅದೇ ಸೂತ್ರ ಈಗ ಕೊಡುವ ಉತ್ತರ ಸುಮಾರು 70. ನಿಜವಾದ ವೇಗ ಸೊನ್ನೆ. ಆ 70ನ್ನು ನಂಬಿ ಅಮಿಕಾಸಿನ್, ವ್ಯಾಂಕೋಮೈಸಿನ್ ಅಥವಾ ಕಾಲಿಸ್ಟಿನ್‌ನಂಥ ಔಷಧಿಯ ಪ್ರಮಾಣ ನಿಗದಿ ಮಾಡಿದರೆ, ಹೊರಹೋಗಲು ದಾರಿಯಿಲ್ಲದೆ ಅದು ಮೈಯಲ್ಲೇ ಕೂಡಿಕೊಳ್ಳುತ್ತದೆ. ಈ ಮೂರೂ ಕಿಡ್ನಿಗೆ ತಾವೇ ಪೆಟ್ಟು ಕೊಡಬಲ್ಲ ಔಷಧಿಗಳು.

ಚೇತರಿಕೆಯಲ್ಲೂ ಇದೇ ಅಂತರ ಕಾಣುತ್ತದೆ. ಕಿಡ್ನಿ ಮತ್ತೆ ಸೋಸತೊಡಗಿದ ಮೇಲೂ ಕ್ರಿಯಾಟಿನಿನ್ ಸ್ವಲ್ಪ ಹೊತ್ತು ಏರುತ್ತಲೇ ಇರಬಹುದು. 1985ರಲ್ಲಿ ಅಮೆರಿಕದ ಮೋರನ್ ಮತ್ತು ಮೈಯರ್ಸ್ ಈ ಏರಿಳಿತವನ್ನು ಗಣಿತದ ಮಾದರಿಯಲ್ಲಿ ತೋರಿಸಿಕೊಟ್ಟರು. 2013ರಲ್ಲಿ ಶೆಲ್ಡನ್ ಚೆನ್ ಎಂಬ ವೈದ್ಯರು, ಕ್ರಿಯಾಟಿನಿನ್ ಎಷ್ಟಿದೆ ಎಂಬುದರ ಜೊತೆಗೆ ಎಷ್ಟು ವೇಗವಾಗಿ ಬದಲಾಗುತ್ತಿದೆ ಎಂಬುದನ್ನೂ ಸೇರಿಸುವ ಲೆಕ್ಕವನ್ನು ಮುಂದಿಟ್ಟರು. ಎರಡು ರಿಪೋರ್ಟು, ಅವುಗಳ ನಡುವಿನ ಗಂಟೆಗಳು ಗೊತ್ತಿದ್ದರೆ ಆ ಲೆಕ್ಕ ಮಾಡಬಹುದು. ಒಂದೇ ಒಂದು ಅಂಕಿಯಿಂದ ಕಿಡ್ನಿಯ ಇವತ್ತಿನ ಸ್ಥಿತಿ ಹೇಳಲಾಗದು ಎಂಬುದನ್ನು ಐಸಿಯು ವೈದ್ಯರು ಮನಗಂಡದ್ದು ಇಂಥ ಕೆಲಸಗಳಿಂದ.

ನೀರು, ಸ್ನಾಯು, ಬಣ್ಣ

ತಡವಾಗುವುದು ಒಂದು ತೊಡಕಾದರೆ, ಕ್ರಿಯಾಟಿನಿನ್ ಅಂಕಿಯೇ ಕೆಳಗಿಳಿದು ಕಾಣುವುದು ಇನ್ನೊಂದು.

ರಕ್ತನಂಜಾದ ರೋಗಿಗೆ ಮೊದಲ ದಿನಗಳಲ್ಲಿ ಲೀಟರುಗಟ್ಟಲೆ ಡ್ರಿಪ್ ಏರಿಸುತ್ತಾರೆ. 70 ಕಿಲೋ ತೂಕದವರ ಮೈಯಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದಕ್ಕೆ ಇನ್ನೂ ಎಂಟು ಲೀಟರ್ ಸೇರಿ ಉಳಿದರೆ ಕ್ರಿಯಾಟಿನಿನ್ ತೆಳುವಾಗುತ್ತದೆ. ರಿಪೋರ್ಟಿನಲ್ಲಿ 1.2 ಎಂದು ಕಂಡದ್ದು, ನೀರಿನ ಲೆಕ್ಕ ಸರಿಪಡಿಸಿದರೆ 1.4ರ ಮೇಲಿರುತ್ತದೆ. ಇಷ್ಟೇ ವ್ಯತ್ಯಾಸದಿಂದ ಕಿಡ್ನಿ ಹಾನಿಯ ಮೊದಲ ಹಂತ ಕಣ್ಣು ತಪ್ಪಿಸಿಕೊಳ್ಳಬಹುದು.

ಜೊತೆಗೆ ಸ್ನಾಯು ಕರಗುತ್ತದೆ. ಐಸಿಯುವಿನಲ್ಲಿ ಮಲಗಿದ 63 ರೋಗಿಗಳ ತೊಡೆಯ ಸ್ನಾಯುವನ್ನು ಬ್ರಿಟನ್ನಿನ ವೈದ್ಯರು ಅಲ್ಟ್ರಾಸೌಂಡ್‌ನಿಂದ ಅಳೆದಾಗ, ಹತ್ತು ದಿನಗಳಲ್ಲಿ ಅದರ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇ 17.7ರಷ್ಟು ಕುಗ್ಗಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಸ್ನಾಯು ಕಡಿಮೆಯಾದಷ್ಟೂ ಕ್ರಿಯಾಟಿನಿನ್ ಹುಟ್ಟುವುದು ಕಡಿಮೆ. ಅಂಥವರ ರಿಪೋರ್ಟಿನಲ್ಲಿ 0.9 ಎಂದಿದ್ದರೆ ಅದನ್ನು ಗಟ್ಟಿಮುಟ್ಟಾದ ರೈತನೊಬ್ಬನ 0.9ರಂತೆ ಓದಲಾಗದು.

ಯಾಫೆಯ ಬಣ್ಣವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಸಕ್ಕರೆ ಕಾಯಿಲೆ ಬಿಗಡಾಯಿಸಿ ರಕ್ತದಲ್ಲಿ ಕೀಟೋನ್ ಹೆಚ್ಚಿದರೆ, ಆ ಕೀಟೋನ್ ಕೂಡ ಅದೇ ಬಣ್ಣ ಕೊಟ್ಟು ಕ್ರಿಯಾಟಿನಿನ್ ಹೆಚ್ಚಿರುವಂತೆ ತೋರಿಸುತ್ತದೆ. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಇದಕ್ಕೆ ವಿರುದ್ಧ, ಅಂಕಿಯನ್ನು ಕೆಳಗಿಳಿಸುತ್ತದೆ. ಕಿಣ್ವ ಬಳಸುವ ಹೊಸ ವಿಧಾನದಲ್ಲಿ ಈ ಗೊಂದಲ ಕಡಿಮೆ, ಖರ್ಚು ಹೆಚ್ಚು. ಟ್ರೈಮೆಥೋಪ್ರಿಮ್‌ನಂಥ ಔಷಧಿಗಳಂತೂ ಕಿಡ್ನಿಗೆ ಏನೂ ಆಗದಿದ್ದರೂ, ಅದರ ನಾಳಗಳಿಂದ ಕ್ರಿಯಾಟಿನಿನ್ ಹೊರಹೋಗುವುದನ್ನು ತಡೆದು ಅಂಕಿ ಏರಿಸುತ್ತವೆ.

ಗಂಟೆಗೊಮ್ಮೆ ಬರೆದಿಡುವ ಅಂಕಿ

2012ರಲ್ಲಿ ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆ ಹಠಾತ್ ಕಿಡ್ನಿ ಹಾನಿಗೆ ಕೊಟ್ಟ ವ್ಯಾಖ್ಯೆಯನ್ನೇ ಈಗ ಜಗತ್ತಿನೆಲ್ಲೆಡೆ ಬಳಸುತ್ತಾರೆ. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಮಿ.ಗ್ರಾಂ ಏರಬೇಕು, ಅಥವಾ ಏಳು ದಿನದೊಳಗೆ ಮೊದಲಿನ ಒಂದೂವರೆ ಪಟ್ಟಾಗಬೇಕು. ಇಲ್ಲವೇ ಆರು ಗಂಟೆ ಕಾಲ ಮೂತ್ರ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 0.5 ಮಿ.ಲೀ.ಗಿಂತ ಕೆಳಗಿರಬೇಕು. 60 ಕಿಲೋ ತೂಕದವರಿಗೆ ಅದು ಗಂಟೆಗೆ 30 ಮಿ.ಲೀ.

ಈ ಮೂರನೆಯದಕ್ಕೆ ಲ್ಯಾಬ್ ಬೇಡ, ಯಂತ್ರ ಬೇಡ. ಕ್ಯಾಥೆಟರ್, ಗುರುತು ಹಾಕಿದ ಅಳತೆಯ ಡಬ್ಬಿ, ಗಂಟೆಗೊಮ್ಮೆ ಬಗ್ಗಿ ನೋಡಿ ಚಾರ್ಟಿನಲ್ಲಿ ಬರೆಯುವ ನರ್ಸ್, ಇಷ್ಟು ಸಾಕು. ಕ್ರಿಯಾಟಿನಿನ್ ಏರಲು ಒಂದೆರಡು ದಿನ ಹಿಡಿದರೆ, ಮೂತ್ರ ಇಳಿಯುವುದು ಗಂಟೆಗಳಲ್ಲೇ ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಿಂದ 2017ರಲ್ಲಿ ಬಂದ ಅಧ್ಯಯನವೊಂದು ಹದಿನೈದು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ ದಾಖಲೆ ಪರಿಶೀಲಿಸಿತು. ಮೂತ್ರದ ಲೆಕ್ಕವನ್ನು ಬಿಡದೆ ಬರೆದಿಟ್ಟ ಕಡೆ ಕಿಡ್ನಿ ಹಾನಿ ಹೆಚ್ಚು ಪತ್ತೆಯಾಗಿತ್ತು. ಕಿಡ್ನಿ ಹಾನಿಯಾದವರಲ್ಲಿ ಬದುಕುಳಿದವರೂ ಹೆಚ್ಚಿದ್ದರು. ಮೂತ್ರ ಬರೆದಿಟ್ಟದ್ದರಿಂದಲೇ ಅವರು ಉಳಿದರು ಎಂದು ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ. ಆದರೂ ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ಹಾಸಿಗೆ ಎಂಬ ಪ್ರಶ್ನೆ ಕಿಡ್ನಿಯ ಪ್ರಶ್ನೆಯೂ ಹೌದು ಎಂಬುದನ್ನು ಅದು ಎತ್ತಿ ತೋರಿಸುತ್ತದೆ. ಹತ್ತು ಹಾಸಿಗೆ ಒಬ್ಬರೇ ನೋಡಬೇಕಾದಲ್ಲಿ ಗಂಟೆಯ ಲೆಕ್ಕ ಪಾಳಿಯ ಲೆಕ್ಕವಾಗಿಬಿಡುತ್ತದೆ. ಆರು ಗಂಟೆಯಲ್ಲಿ ತಿಳಿಯಬೇಕಾದದ್ದು ಮರುದಿನದ ರೌಂಡ್ಸ್‌ನಲ್ಲಿ ತಿಳಿಯುತ್ತದೆ.

ಹಾಗೆಂದು ಮೂತ್ರವೊಂದನ್ನೇ ನಂಬುವಂತೆಯೂ ಇಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ನೋವು, ಒತ್ತಡದ ಹಾರ್ಮೋನುಗಳಿಂದ ಆರೋಗ್ಯವಂತ ಕಿಡ್ನಿಯೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಲ್ಯಾಸಿಕ್ಸ್ ಎಂಬ ಔಷಧಿ ಕೊಟ್ಟರೆ ಸೋಸುವಿಕೆ ಸುಧಾರಿಸದಿದ್ದರೂ ಮೂತ್ರ ಹೆಚ್ಚುತ್ತದೆ.

ಕರ್ನಾಟಕದ ಆಸ್ಪತ್ರೆಗಳಿಗೆ ಚೆನ್ನಾಗಿ ಗೊತ್ತಿರುವ ಎರಡು ಸಂದರ್ಭಗಳನ್ನು ಪಕ್ಕಪಕ್ಕ ಇಟ್ಟರೆ ಈ ಮಾತು ಸ್ಪಷ್ಟವಾಗುತ್ತದೆ. ಕೊಳಕುಮಂಡಲ ಹಾವು ಕಚ್ಚಿದವರಲ್ಲಿ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ, ಕಿಡ್ನಿಯ ನಾಳಗಳಿಗೂ ಪೆಟ್ಟು ಕೊಡುತ್ತದೆ. ಅವರಲ್ಲಿ ಮೂತ್ರ ಕಡಿಮೆಯಾಗುವುದೇ ಹಲವು ಸಲ ಮೊದಲ ಎಚ್ಚರಿಕೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಣುವ ಇಲಿ ಜ್ವರದ ಚಹರೆ ಬೇರೆ. ಅಲ್ಲಿ ಮೂತ್ರ ಎಂದಿನಂತೆ ಹೋಗುತ್ತಿರುವಾಗಲೇ ಕಿಡ್ನಿ ಸೋಲುತ್ತಿರಬಹುದು, ಪೊಟ್ಯಾಸಿಯಂ ಏರುವ ಬದಲು ಇಳಿದಿರಬಹುದು. ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂಬ ಮನೆಯವರ ಸಮಾಧಾನ ಅಲ್ಲಿ ಸಾಲದು. ಆ ರೋಗಿಗೆ ಕಾಮಾಲೆಯೂ ಇದ್ದರೆ, ಮೇಲೆ ಹೇಳಿದ ಬಿಲಿರುಬಿನ್ ಕಾರಣದಿಂದ ಕ್ರಿಯಾಟಿನಿನ್ ಕೂಡ ನಿಜಕ್ಕಿಂತ ಕಡಿಮೆ ಕಾಣಬಹುದು.

ಇಂಥ ರೋಗಿಗಳಲ್ಲಿ ಬಹಳ ಮಂದಿ ಎಂದೂ ರಕ್ತ ಪರೀಕ್ಷೆ ಮಾಡಿಸಿದವರಲ್ಲ. ಬಂದ ದಿನವೇ ಕ್ರಿಯಾಟಿನಿನ್ 1.6 ಇದ್ದರೆ, ಅದು ಮೊದಲೇ ಇದ್ದದ್ದೋ ನಿನ್ನೆಯಿಂದ ಏರಿದ್ದೋ ಎಂದು ತಿಳಿಯುವುದು ಕಷ್ಟ. ಹಳೆಯ ರಿಪೋರ್ಟು ಇಲ್ಲದಾಗ, ಸೋಸುವ ವೇಗ 75 ಇತ್ತೆಂದು ಊಹಿಸಿ ಹಿಂದಕ್ಕೆ ಲೆಕ್ಕ ಹಾಕುವ ರೂಢಿಯೂ ಇದೆ. ಊಹೆ ತಪ್ಪಿದರೆ ಹಂತವೂ ತಪ್ಪುತ್ತದೆ.

ಹೆಚ್ಚು ದುಡಿಯುವ ಕಿಡ್ನಿ

ಅಳತೆ ತಪ್ಪುವುದು ಒಂದೇ ದಿಕ್ಕಿಗಲ್ಲ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಬಂದ 25ರ ಯುವಕನ ಕಿಡ್ನಿ ಕೆಲವೊಮ್ಮೆ ಮಾಮೂಲಿಗಿಂತ ಹೆಚ್ಚು ವೇಗವಾಗಿ ಸೋಸುತ್ತದೆ. ಆಘಾತಕ್ಕೆ ಮೈ ತೋರುವ ಪ್ರತಿಕ್ರಿಯೆ, ಹೆಚ್ಚಿದ ರಕ್ತಸಂಚಾರ, ಕೊಟ್ಟ ದ್ರವ, ಎಲ್ಲ ಸೇರಿ ವೇಗ ನಿಮಿಷಕ್ಕೆ 130 ಮಿ.ಲೀ. ದಾಟುತ್ತದೆ. ಆಸ್ಟ್ರೇಲಿಯಾ, ಸಿಂಗಪುರ, ಹಾಂಗ್‌ಕಾಂಗ್, ಪೋರ್ಚುಗಲ್‌ನ ಐಸಿಯುಗಳಲ್ಲಿ ಕ್ರಿಯಾಟಿನಿನ್ ಸಹಜವಾಗಿದ್ದ 281 ರೋಗಿಗಳನ್ನು ಗಮನಿಸಿದಾಗ, ಶೇ 65ರಷ್ಟು ಮಂದಿಯಲ್ಲಿ ಮೊದಲ ವಾರ ಒಮ್ಮೆಯಾದರೂ ಹೀಗಾಗಿತ್ತು.

ಕಿಡ್ನಿ ಚುರುಕಾಗಿದ್ದರೆ ಒಳ್ಳೆಯದೇ ಅಲ್ಲವೇ ಎನ್ನಿಸಬಹುದು. ತೊಂದರೆ ಇರುವುದು ಔಷಧಿಯಲ್ಲಿ. ಪೆನಿಸಿಲಿನ್ ಬಳಗದ ಆ್ಯಂಟಿಬಯೋಟಿಕ್‌ಗಳು ರಕ್ತದಲ್ಲಿ ಒಂದು ಮಟ್ಟದ ಮೇಲೆ ಸಾಕಷ್ಟು ಹೊತ್ತು ನಿಂತರೆ ಮಾತ್ರ ಸೋಂಕನ್ನು ಕೊಲ್ಲುತ್ತವೆ. ಇಲ್ಲಿ ಅವು ನಿಲ್ಲುವ ಮೊದಲೇ ಮೂತ್ರದಲ್ಲಿ ಹೋಗಿಬಿಡುತ್ತವೆ. ಚಾರ್ಟಿನಲ್ಲಿ ಪ್ರಮಾಣ ಸರಿಯಾಗಿರುತ್ತದೆ, ಜ್ವರ ಇಳಿಯುವುದಿಲ್ಲ.

ಇದನ್ನು ಪತ್ತೆ ಮಾಡುವ ದಾರಿ ಸರಳ, ಯಾವ ಜಿಲ್ಲಾ ಆಸ್ಪತ್ರೆಯಲ್ಲೂ ಆಗುವಂಥದ್ದು. ಎಂಟು ಗಂಟೆಯ ಮೂತ್ರವನ್ನೆಲ್ಲ ಕೂಡಿಟ್ಟು, ಅದರಲ್ಲಿನ ಕ್ರಿಯಾಟಿನಿನ್ ಅಳೆದು, ರಕ್ತದ ಕ್ರಿಯಾಟಿನಿನ್‌ನಿಂದಲೂ ಕೂಡಿಟ್ಟ ನಿಮಿಷಗಳಿಂದಲೂ ಭಾಗಿಸುವುದು. ಎಂಟು ಗಂಟೆಯಲ್ಲಿ 400 ಮಿ.ಲೀ. ಮೂತ್ರ, ಅದರಲ್ಲಿ ಪ್ರತಿ ಡೆಸಿಲೀಟರಿಗೆ 60 ಮಿ.ಗ್ರಾಂ ಕ್ರಿಯಾಟಿನಿನ್, ರಕ್ತದಲ್ಲಿ 1.0 ಇದ್ದರೆ ಸೋಸುವ ವೇಗ ನಿಮಿಷಕ್ಕೆ 50 ಮಿ.ಲೀ. ಬರುತ್ತದೆ. ಕಿಡ್ನಿಯ ನಾಳಗಳು ಸ್ವಲ್ಪ ಕ್ರಿಯಾಟಿನಿನ್ ಅನ್ನು ತಾವೇ ಹೊರದೂಡುವುದರಿಂದ ಈ ಅಂಕಿ ನಿಜಕ್ಕಿಂತ ತುಸು ಹೆಚ್ಚಿರುತ್ತದೆ. ಆದರೂ ರೋಗಿಯನ್ನೇ ಅಳೆದು ಬಂದ ಈ ಉತ್ತರ, ಬೇರೆ ಯಾರದೋ ಸರಾಸರಿಯಿಂದ ಬಂದ ಸೂತ್ರಕ್ಕಿಂತ ಐಸಿಯುವಿಗೆ ಹತ್ತಿರದ್ದು.

ಹೊಸ ಗುರುತುಗಳು

ಕ್ರಿಯಾಟಿನಿನ್‌ಗೆ ಬದಲಿ ಹುಡುಕಾಟ ದಶಕಗಳಿಂದ ನಡೆದಿದೆ. ಸ್ವೀಡನ್ನಿನ ಲುಂಡ್‌ನಲ್ಲಿ ಆ್ಯಂಡರ್ಸ್ ಗ್ರುಬ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಸಿಸ್ಟಾಟಿನ್ ಸಿ ಎಂಬ ಪ್ರೋಟೀನನ್ನು ಮುಂದಿಟ್ಟರು. ಅದು ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಹುಟ್ಟುವುದರಿಂದ ಸ್ನಾಯು ಕರಗಿದರೂ ಅಷ್ಟಾಗಿ ಏರುಪೇರಾಗುವುದಿಲ್ಲ. ಆದರೆ ಸ್ಟಿರಾಯ್ಡ್ ಕೊಟ್ಟಾಗ, ಥೈರಾಯ್ಡ್ ಏರುಪೇರಾದಾಗ ಅದೂ ಬದಲಾಗುತ್ತದೆ.

ಇನ್ನೊಂದು ಬಗೆಯ ಗುರುತುಗಳು ಸೋಸುವ ವೇಗವನ್ನಲ್ಲ, ಕಿಡ್ನಿಯ ನಾಳಗಳಿಗೆ ಬಿದ್ದ ಪೆಟ್ಟನ್ನೇ ಹೇಳುತ್ತವೆ. 2005ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಪ್ರಸಾದ್ ದೇವರಾಜನ್ ಅವರ ತಂಡ, ಹೃದಯ ಶಸ್ತ್ರಚಿಕಿತ್ಸೆಯಾದ 71 ಮಕ್ಕಳ ಮೂತ್ರದಲ್ಲಿ ಎನ್‌ಗಾಲ್ ಎಂಬ ಪ್ರೋಟೀನನ್ನು ಅಳೆಯಿತು. ಅವರಲ್ಲಿ 20 ಮಕ್ಕಳ ಕಿಡ್ನಿಗೆ ಹಾನಿಯಾಯಿತು. ಕ್ರಿಯಾಟಿನಿನ್ ಅದನ್ನು ಹೇಳಲು ಒಂದರಿಂದ ಮೂರು ದಿನ ತೆಗೆದುಕೊಂಡರೆ, ಎನ್‌ಗಾಲ್ ಎರಡೇ ಗಂಟೆಯಲ್ಲಿ ಏರಿತ್ತು. ಹಲವು ಕಾಯಿಲೆ ಒಟ್ಟಿಗೆ ಮುತ್ತಿರುವ ವಯಸ್ಕರಲ್ಲಿ ಫಲಿತಾಂಶ ಅಷ್ಟು ನಿಚ್ಚಳವಾಗಿರಲಿಲ್ಲ. ಸೋಂಕೇ ಎನ್‌ಗಾಲ್ ಅನ್ನು ಏರಿಸಬಲ್ಲದು. 2014ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೇರೆ ಎರಡು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ಮೂತ್ರ ಪರೀಕ್ಷೆಗೆ ಅನುಮತಿ ಕೊಟ್ಟಿತು.

ಇವೆಲ್ಲಕ್ಕಿಂತ ಅಗ್ಗದ ಪರೀಕ್ಷೆಯೊಂದನ್ನು ಲಖ್ಮೀರ್ ಚಾವ್ಲಾ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದರು. ಪೆಟ್ಟು ತಿಂದ ಕಿಡ್ನಿಗೆ ಲೆಕ್ಕ ಹಾಕಿದ ಒಂದು ಪ್ರಮಾಣದ ಲ್ಯಾಸಿಕ್ಸ್ ಕೊಟ್ಟು ಎರಡು ಗಂಟೆ ಕಾಯುವುದು. ಅಷ್ಟರಲ್ಲಿ 200 ಮಿ.ಲೀ. ಮೂತ್ರವೂ ಬಾರದಿದ್ದರೆ, ಹಾನಿ ಅತಿ ತೀವ್ರವಾದ ಮೂರನೆಯ ಹಂತಕ್ಕೆ ಹೋಗುವ ಸಾಧ್ಯತೆ ಹೆಚ್ಚು. ಮೈಯಲ್ಲಿ ನೀರಿನಂಶ ಸಾಕಷ್ಟಿದೆ ಎಂದು ಖಚಿತವಾದ ಮೇಲಷ್ಟೇ ಇದನ್ನು ಮಾಡಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ರೋಗಿಯನ್ನು ಡಯಾಲಿಸಿಸ್ ಇರುವ ಊರಿಗೆ ಈಗಲೇ ಕಳಿಸಬೇಕೋ ಕಾಯಬಹುದೋ ಎಂಬ ತೀರ್ಮಾನಕ್ಕೆ ಇಂಥ ಸುಳಿವು ನೆರವಾಗುತ್ತದೆ.

ಅಂಕಿ ನೋಡಿ ಡಯಾಲಿಸಿಸ್ ಇಲ್ಲ

ಕ್ರಿಯಾಟಿನಿನ್ 5 ದಾಟಿದೆ, ಇನ್ನೂ ಯಾಕೆ ಡಯಾಲಿಸಿಸ್ ಮಾಡುತ್ತಿಲ್ಲ? ಐಸಿಯು ಹೊರಗೆ ಬೆಂಚಿನ ಮೇಲೆ ಕೂತ ಬಂಧುಗಳು ಕೇಳುವ ಪ್ರಶ್ನೆ ಇದು. ಫ್ರಾನ್ಸಿನ 31 ಐಸಿಯುಗಳಲ್ಲಿ 620 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. ಅರ್ಧದಷ್ಟು ಜನರಿಗೆ ಕೂಡಲೇ ಡಯಾಲಿಸಿಸ್, ಉಳಿದವರಿಗೆ ತುರ್ತು ಕಾರಣ ಕಂಡಾಗ ಮಾತ್ರ. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಾಗಲಿಲ್ಲ. ಕಾದವರಲ್ಲಿ ಶೇ 49ರಷ್ಟು ಮಂದಿಗೆ ಡಯಾಲಿಸಿಸ್ ಬೇಕೇ ಆಗಲಿಲ್ಲ. 2020ರಲ್ಲಿ 15 ದೇಶಗಳ ಸುಮಾರು 3,000 ರೋಗಿಗಳ ಪ್ರಯೋಗವೂ ಬೇಗ ಶುರು ಮಾಡುವುದರಿಂದ ಹೆಚ್ಚು ಜೀವ ಉಳಿಯುವುದಿಲ್ಲ ಎಂದಿತು. ಬೇಗ ಶುರು ಮಾಡಿ ಬದುಕಿದವರಲ್ಲಿ 90 ದಿನಗಳ ಬಳಿಕವೂ ಡಯಾಲಿಸಿಸ್ ಮೇಲೆ ಉಳಿದವರ ಪ್ರಮಾಣ, ಕಾದು ಬದುಕಿದವರಲ್ಲಿ ಇದ್ದುದಕ್ಕಿಂತ ಹೆಚ್ಚಿತ್ತು. ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರುವುದು, ರಕ್ತ ಆಮ್ಲೀಯವಾಗುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು, ಇವು ವೈದ್ಯರು ಕಾಯಬಾರದ ಕಾರಣಗಳು. ಕ್ರಿಯಾಟಿನಿನ್ ಒಂದೇ ಏರಿದ್ದು ಆ ಪಟ್ಟಿಯಲ್ಲಿಲ್ಲ.

ಮನೆಗೆ ಹೋಗುವ ದಿನ

ಅಳತೆಯ ಕೊನೆಯ ತೊಡಕು ಬರುವುದು ಎಲ್ಲರೂ ನಿರಾಳವಾದ ಹೊತ್ತಿನಲ್ಲಿ. ಮೂರು ವಾರ ಐಸಿಯುವಿನಲ್ಲಿದ್ದು ಎದ್ದವರ ಡಿಸ್ಚಾರ್ಜ್ ಹಾಳೆಯಲ್ಲಿ ಕ್ರಿಯಾಟಿನಿನ್ 1.0 ಎಂದಿರುತ್ತದೆ. ತೋಳು ತೊಡೆ ಸೊರಗಿರುವ ಆ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುತ್ತಿರುವುದೇ ಕಡಿಮೆ. ಕಿಡ್ನಿ ಪೂರ್ತಿ ಸುಧಾರಿಸಿದೆ ಎಂದು ಆ 1.0 ಹೇಳುತ್ತಿಲ್ಲ. ಸಿಸ್ಟಾಟಿನ್ ಸಿ ಪರೀಕ್ಷೆ ಲಭ್ಯವಿರುವ ಕಡೆ ಅದನ್ನೂ ಮಾಡಿಸುವುದು ಉಪಯುಕ್ತವಾಗುವುದು ಇಂಥವರಲ್ಲೇ.

ಹಠಾತ್ ಕಿಡ್ನಿ ಹಾನಿಯಾದವರನ್ನು ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಬೇಕು ಎಂಬುದು ಕೆಡಿಗೋ ಸಲಹೆ. ಹಾವು ಕಚ್ಚಿ ಬದುಕಿದ ಕೂಲಿಕಾರ ಜ್ವರವಿಲ್ಲ, ನೋವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತಿದೆ ಎಂದು ದಿನಗೂಲಿ ಬಿಟ್ಟು ಮತ್ತೆ ಆಸ್ಪತ್ರೆಗೆ ಬರುವುದು ಕಷ್ಟ. ಬರಬೇಕಾದ ತಾರೀಖನ್ನು ಡಿಸ್ಚಾರ್ಜ್ ಹಾಳೆಯ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಬರೆದುಕೊಡಬೇಕು. ಆ ದಿನ ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ, ರಕ್ತದೊತ್ತಡ, ಈ ಮೂರನ್ನು ನೋಡಬೇಕು. ನೋವಿನ ಮಾತ್ರೆಯನ್ನು ಅಂಗಡಿಯಿಂದ ಕೇಳಿ ತಂದು ನುಂಗುವ ಮುನ್ನ ವೈದ್ಯರನ್ನು ವಿಚಾರಿಸಬೇಕೆಂದು ಮನೆಯವರಿಗೆ ತಿಳಿಸಬೇಕು. ಐಸಿಯು ದಿನಗಳ ರಿಪೋರ್ಟುಗಳನ್ನು ಮನೆಯವರು ಎಸೆಯದೆ ಒಂದು ಫೈಲಿನಲ್ಲಿ ಇಟ್ಟುಕೊಂಡರೆ, ಮುಂದೆ ಯಾವಾಗಲಾದರೂ ಆಸ್ಪತ್ರೆ ಸೇರಿದಾಗ ಹಳೆಯ ಕ್ರಿಯಾಟಿನಿನ್ ಎಷ್ಟಿತ್ತು ಎಂಬ ಪ್ರಶ್ನೆಗೆ ವೈದ್ಯರ ಕೈಯಲ್ಲಿ ಊಹೆಯ ಬದಲು ಒಂದು ನಿಜವಾದ ಅಂಕಿ ಇರುತ್ತದೆ.